ಓದುಗರ ಪ್ರಶ್ನೆ: ಶಾಲೆ ಬಾಗಿಲು ತೆರೆಯುವ ಮುಂಚೆ ಅಂಗಳಕ್ಕೆಲ್ಲ ಔಷಧಿ ಹೊಡೆಸಬೇಕೇ?

ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಬೇಸಿಗೆ ರಜೆ ಮುಗಿಯುತ್ತಾ ಬಂತು. ಮೇ ತಿಂಗಳ ಮಳೆಗೆ ಮೈದಾನದ ತುಂಬ ಕಳೆ ಎದ್ದಿದೆ, ಅಡುಗೆ ಕೋಣೆಯ ಹಿಂದೆ ಹೆಗ್ಗಣದ ಬಿಲಗಳಾಗಿವೆ, ಹೋದ ವರ್ಷ ಶೌಚಾಲಯದ ಹತ್ತಿರ ಹಾವು ಬಂದಿತ್ತು. ಶಾಲೆ ಶುರುವಾಗುವ ಹಿಂದಿನ ದಿನ ಇಡೀ ಆವರಣಕ್ಕೆ ಒಮ್ಮೆ ಔಷಧಿ ಹೊಡೆಸಿ, ಗೋಡೆಗುಂಟ ಪುಡಿ ಹಾಕಿಸಿಬಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಆ ಹಣವನ್ನು ಒಂದು ಚೀಲ ಸಿಮೆಂಟು, ನಾಲ್ಕು ಮೀಟರ್ ಕಬ್ಬಿಣದ ಜಾಲರಿ, ಇಬ್ಬರು ಕೂಲಿಯಾಳುಗಳಿಗೆ ಹಾಕಿ. ನೀವು ಹೇಳಿದ ಮೂರೂ ತೊಂದರೆಗಳು ಅದರಲ್ಲೇ ಬಹುಪಾಲು ತೀರುತ್ತವೆ.

ನಮ್ಮ ಮಾತಿನಲ್ಲಿ ಕೀಟನಾಶಕಕ್ಕೂ ‘ಔಷಧಿ’ ಎನ್ನುತ್ತೇವೆ. ಹಾಗೆಂದ ತಕ್ಷಣ ಅದು ಹಾಕಿದಷ್ಟೂ ಒಳ್ಳೆಯದು ಎಂಬ ಭಾವನೆ ಬಂದುಬಿಡುತ್ತದೆ. ಅದು ವಿಷ. ಮಕ್ಕಳು ನೆಲಕ್ಕೆ ಹತ್ತಿರವಾಗಿ ಉಸಿರಾಡುತ್ತಾರೆ, ಮಣ್ಣಲ್ಲಿ ಕೂತು ಆಡುತ್ತಾರೆ, ಅದೇ ಕೈಯನ್ನು ಬಾಯಿಗಿಡುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ, ಹೆಚ್ಚು ನೀರು ಅವರ ಒಳಗೆ ಹೋಗುತ್ತದೆ. ಶಾಲೆ ಶುರುವಾಗುವ ಹಿಂದಿನ ದಿನ ಹೊಡೆಸಿದರೆ ವಿಷ ಅತ್ಯಂತ ತಾಜಾ ಇರುವ ಹೊತ್ತಿಗೆ ಸರಿಯಾಗಿ ಮಕ್ಕಳು ಬಂದಿರುತ್ತಾರೆ. ಇಷ್ಟೆಲ್ಲ ಆಗಿಯೂ ಕೆಲಸ ಆಗುವುದಿಲ್ಲ. ಬಯಲಿಗೆ ಹೊಡೆದದ್ದು ಬಿಲದೊಳಗಿನ ಹೆಗ್ಗಣಕ್ಕೆ ತಾಗದು, ಟೈರಿನೊಳಗಿನ ಸೊಳ್ಳೆಮರಿಗೆ ತಾಗದು. ಜೇಡ, ಓತಿಕ್ಯಾತ, ಕಪ್ಪೆಗಳು ಮಾತ್ರ ಸಾಯುತ್ತವೆ. ಅವು ಪುಕ್ಕಟೆಯಾಗಿ ಹುಳು ತಿನ್ನುತ್ತಿದ್ದ ನಿಮ್ಮ ಕಡೆಯ ಆಳುಗಳು.

ಗೋಡೆಗುಂಟ ಹಾಕುವ ಪುಡಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ಹಾವು ಬರದಿರಲೆಂದು ಜನ ಸುರಿಯುವುದು ಹೆಚ್ಚಾಗಿ ‘ಥಿಮೆಟ್’ ಎಂದು ಕರೆಯುವ ಫೋರೇಟ್ ಹರಳು. ಕಡುವಿಷದ ಈ ಕೀಟನಾಶಕ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ. ನುವಾನ್ ಹೆಸರಿನಲ್ಲಿ ಮನೆಮಾತಾಗಿದ್ದ ಡೈಕ್ಲೋರ್‌ವಾಸ್ ಕೂಡ ಅದೇ ದಿನ ನಿಂತಿತು. ಹಳೆಯ ಬಿಎಚ್‌ಸಿ ಪುಡಿ 1997ರಲ್ಲೇ ಹೋಯಿತು. ಅಂಗಡಿಯವರು ‘ಹಳೇ ಸ್ಟಾಕು, ಚೆನ್ನಾಗಿ ಕೆಲಸ ಮಾಡುತ್ತೆ’ ಎಂದು ಕೊಟ್ಟರೆ ಆ ಪೊಟ್ಟಣ ಶಾಲೆಯ ಗೇಟು ದಾಟಬಾರದು. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಬೆಳ್ಳುಳ್ಳಿ ರಸ, ಕಾರ್ಬಾಲಿಕ್ ಆಮ್ಲ ಇವುಗಳಿಗೂ ಹಾವು ಹೆದರುವುದಿಲ್ಲ. ಕಾರ್ಬಾಲಿಕ್ ಆಮ್ಲವಂತೂ ಮುಟ್ಟಿದ ಮಗುವಿನ ಚರ್ಮವನ್ನೇ ಸುಡುತ್ತದೆ.

ಹಾವು ಬರುವುದು ಇಲಿ ಹೆಗ್ಗಣ ತಿನ್ನಲು, ಹೆಗ್ಗಣ ಬರುವುದು ಬಿಸಿಯೂಟದ ಚೆಲ್ಲಿದ ಅನ್ನಕ್ಕೆ. ಆದ್ದರಿಂದ ಕೆಲಸ ಅಡುಗೆ ಕೋಣೆಯಿಂದ ಶುರುವಾಗಬೇಕು, ಅದೂ ಒಂದು ಕ್ರಮದಲ್ಲಿ. ಮೊದಲು ಊಟ ತಪ್ಪಿಸಿ: ತಟ್ಟೆ ತೊಳೆಯುವ ಜಾಗದ ಮೋರಿ ಬಾಯಿಗೆ ಜಾಲರಿ ಬುಟ್ಟಿ ಇಟ್ಟು, ಸಿಕ್ಕಿದ ಅನ್ನವನ್ನು ಅಂದೇ ದನಕ್ಕೋ ಮುಚ್ಚಿದ ಗೊಬ್ಬರದ ತೊಟ್ಟಿಗೋ ಹಾಕಬೇಕು. ಅಕ್ಕಿ ಬೇಳೆ ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿರಲಿ. ಚೀಲವೇ ಗತಿಯಾದರೆ ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಜೋಡಿಸಿ. ಹಿಂದೆ ಕೈಯಾಡಿಸಿ ಗುಡಿಸಲು ಬರುವಂತಿದ್ದರೆ ಇಲಿ ಅಲ್ಲಿ ಸಂಸಾರ ಹೂಡುವುದಿಲ್ಲ. ಬಾಗಿಲ ಕೆಳಗಿನ ಸಂದು 6 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಸುಂಡಿಲಿ ನುಸುಳುತ್ತದೆ, 12 ಮಿಲಿಮೀಟರಿದ್ದರೆ ಇಲಿಯೂ ನುಸುಳುತ್ತದೆ. ಬಾಗಿಲಿನ ಬುಡಕ್ಕೆ ತಗಡಿನ ಪಟ್ಟಿ ಹೊಡೆಸಿ. ಕಿಟಕಿ, ಮೋರಿ ಬಾಯಿಗಳಿಗೆ 6 ಮಿಲಿಮೀಟರ್ ಕಣ್ಣಿನ ಕಬ್ಬಿಣದ ಜಾಲರಿ ಬೇಕು. ನೈಲಾನ್ ಪರದೆಯನ್ನು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ.

ಆಮೇಲೆ ಬಿಲ. ಸಂಜೆ ಎಲ್ಲ ಬಿಲಗಳ ಬಾಯಿಗೂ ಹಸಿ ಮಣ್ಣು ಮೆತ್ತಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಹೆಗ್ಗಣವಿದೆ. ಇಪ್ಪತ್ತು ಬಿಲ ಕಂಡಲ್ಲಿ ಐದಾರರಲ್ಲಿ ಮಾತ್ರ ಓಡಾಟ ಇರುವುದು ಸಾಮಾನ್ಯ. ಅವುಗಳ ಹತ್ತಿರ, ಗೋಡೆಗೆ ಒತ್ತಿಕೊಂಡಂತೆ ಬೋನು ಇಡಿ. ಹೆಗ್ಗಣಕ್ಕೆ ಹೊಸ ವಸ್ತು ಎಂದರೆ ಅನುಮಾನ. ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿ ಚೂರನ್ನೋ ಬೋಂಡಾವನ್ನೋ ಸುಮ್ಮನೆ ತಿನ್ನಲು ಬಿಡಿ. ನಾಲ್ಕನೆಯ ರಾತ್ರಿ ಹೂಡಿ. ಈ ತಾಳ್ಮೆ ಇಲ್ಲದವರೇ ‘ಬೋನಿಗೆ ಬೀಳಲ್ಲ’ ಎಂದು ಪಾಷಾಣಕ್ಕೆ ಕೈಹಾಕುವುದು. ಮಕ್ಕಳು ಬರುವ ಮುಂಚೆ ಬೋನು ಎತ್ತಿಬಿಡಬೇಕು, ಎತ್ತುವವರು ಕೈಗವಸು ಹಾಕಿರಬೇಕು, ಏಕೆಂದರೆ ಇಲಿಜ್ವರ ಅವುಗಳ ಮೂತ್ರದಿಂದ ಬರುತ್ತದೆ. ಬೀಳುವುದು ನಿಂತ ಮೇಲೆ ಬಿಲಕ್ಕೆ ಒಡೆದ ಗಾಜು, ಜಲ್ಲಿ ತುಂಬಿ ಸಿಮೆಂಟು ಹಾಕಿ. ಊಟ ನಿಲ್ಲಿಸುವ ಮುಂಚೆಯೇ ಬಿಲ ಮುಚ್ಚಿದರೆ ಮಾರನೇ ವಾರ ಪಕ್ಕದಲ್ಲೇ ಹೊಸ ಬಿಲ. ಇಲಿ ಪಾಷಾಣ ಶಾಲೆಯಲ್ಲಿ ಬೇಡವೇ ಬೇಡ. ಹಳದಿ ರಂಜಕದ ಪೇಸ್ಟು ಸ್ವಲ್ಪವೇ ಹೊಟ್ಟೆಗೆ ಹೋದರೂ ಯಕೃತ್ತು ಹಾಳಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಜೊತೆಗೆ ಮುರಿದ ಬೆಂಚು, ಒಡೆದ ಹೆಂಚು, ಉಳಿದ ಇಟ್ಟಿಗೆಯ ರಾಶಿ ಸಾಗಿಸಿಬಿಡಿ. ಅಲ್ಲಿ ಹಾವೂ ಚೇಳೂ ತಂಪಿಗೆ ಮಲಗುತ್ತವೆ. ತೆಗೆಸುವುದು ಹಗಲಲ್ಲಿ, ದೊಡ್ಡವರಿಂದ, ಕೋಲಿನಿಂದ ಸರಿಸಿ ನೋಡುತ್ತಾ. ಕಟ್ಟಡದ ಸುತ್ತ ಒಂದು ಮೀಟರ್ ಅಗಲ ಹುಲ್ಲಿಲ್ಲದ ಬಯಲಿರಲಿ, ಕಾಂಪೌಂಡಿನ ಬುಡದ ತೂತು ಮುಚ್ಚಲಿ, ಶೌಚಾಲಯದ ದಾರಿಗೆ ಬೆಳಕಿರಲಿ. ಹಾವು ಕಂಡರೆ ಮಕ್ಕಳನ್ನು ದೂರ ನಿಲ್ಲಿಸಿ, ಒಬ್ಬರು ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಕಟ್ಟು ಕಟ್ಟದೆ, ಕೊಯ್ಯದೆ, ಅಲುಗಾಡಿಸದೆ 108ರಲ್ಲಿ ಆಸ್ಪತ್ರೆಗೆ. 2024ರಿಂದ ಹಾವು ಕಡಿತ ಕರ್ನಾಟಕದಲ್ಲಿ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ.

ನೀವು ಕೇಳಲಿಲ್ಲ, ಆದರೆ ಹಾವಿಗಿಂತ ಹೆಚ್ಚು ಚಿಂತೆ ಮಾಡಬೇಕಾದ್ದು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಂದರೆ ಶಾಲೆಯ ಹೊತ್ತಿನಲ್ಲೇ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರಿನಾಚೆ ಹೋಗುವುದಿಲ್ಲ. ಹಾಗಾಗಿ ತರಗತಿಯಲ್ಲಿ ಕಚ್ಚುವ ಸೊಳ್ಳೆ ನಿಮ್ಮ ಆವರಣದಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದು. ಫಾಗಿಂಗ್ ಯಂತ್ರದ ಹೊಗೆ ಆ ಕ್ಷಣ ಹಾರಾಡುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಲ್ಲಿರುವ ಮರಿಗಳಿಗೆ ಏನೂ ಆಗದು. ಊರಲ್ಲಿ ಡೆಂಗಿ ಪ್ರಕರಣ ಬಂದಾಗ ಆರೋಗ್ಯ ಇಲಾಖೆ ಅದನ್ನು ಮಾಡಿಸುವುದಕ್ಕೆ ಅರ್ಥವಿದೆ. ಪ್ರತಿ ತಿಂಗಳು ಶಾಲೆಗೆ ಹೊಗೆ ಹಾಕಿಸುವುದು ದುಡ್ಡಿನ ದಂಡ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಶನಿವಾರದ ಬೆಳಗಿನ ಶಾಲೆ ಇದಕ್ಕೆ ಹೇಳಿಮಾಡಿಸಿದ್ದು: ಶಿಕ್ಷಕರೊಬ್ಬರು ಆರು, ಏಳನೇ ತರಗತಿಯ ಮಕ್ಕಳ ಜೊತೆ ಹದಿನೈದು ನಿಮಿಷ ಆವರಣ ಸುತ್ತಿ ಬರಲಿ, ನೀರು ನಿಂತ ಜಾಗಗಳನ್ನು ಮಕ್ಕಳು ಬರೆದುಕೊಳ್ಳಲಿ. ಆದರೆ ಡ್ರಮ್ಮನ್ನು ಬರೀ ಮಗುಚಿದರೆ ಸಾಲದು. ಈಡಿಸ್ ತನ್ನ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅದು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ತೆಂಗಿನ ನಾರಿನಿಂದ ಒಳಗೋಡೆ ಉಜ್ಜಲೇಬೇಕು.

ಶಾಲೆಗಳಲ್ಲಿ ಕಣ್ತಪ್ಪುವ ಜಾಗಗಳು ಬೇರೆಯೇ. ಬಣ್ಣ ಬಳಿದು ಅರ್ಧ ಹೂತ ಆಟದ ಟೈರುಗಳು ಮೊದಲನೆಯವು. ಹೊರಗಿನಿಂದ ಅಂದ, ಒಳಗೆ ಸೊಳ್ಳೆಯ ತೊಟ್ಟಿಲು. ಟೈರಿನ ಕೆಳಭಾಗದಲ್ಲಿ ಗೇಣಿಗೊಂದರಂತೆ ಬೆರಳು ಹೋಗುವಷ್ಟು ತೂತು ಕೊರೆಸಿ. ಹೂತುಹೋದ ಭಾಗಕ್ಕೆ ಮಣ್ಣು ಗಿಡಿದು ತುಂಬಿ. ರಜೆಯಲ್ಲಿ ಬೀಗ ಹಾಕಿದ ಶೌಚಾಲಯದ ಕಮೋಡಿನಲ್ಲಿ ನಿಂತ ನೀರು, ಆರ್‌ಸಿಸಿ ಸಜ್ಜಾದ ಮೇಲಿನ ಎಲೆ ಕಟ್ಟಿದ ನೀರು, ಬೇಲಿಯ ಬಿದಿರಿನ ತುದಿ (ಗೆಣ್ಣಿನ ಮೇಲೇ ಕತ್ತರಿಸಿದರೆ ನೀರು ನಿಲ್ಲದು), ಮರದ ಪೊಟರೆ (ಮರಳು ತುಂಬಿ), ಮಲೆನಾಡು ಕರಾವಳಿಯಲ್ಲಿ ಬಿದ್ದ ಅಡಿಕೆ ಹಾಳೆ ಇವನ್ನೆಲ್ಲ ನೋಡಬೇಕು. ಸಿಂಟೆಕ್ಸ್ ಟ್ಯಾಂಕಿನ ಓವರ್‌ಫ್ಲೋ ಪೈಪಿಗೂ ಶೌಚಗುಂಡಿಯ ಗಾಳಿ ಪೈಪಿಗೂ ಸೊಳ್ಳೆ ಪರದೆಯ ತುಂಡು ಕಟ್ಟಿ. ಬರಿದು ಮಾಡಲಾಗದ ತೊಟ್ಟಿ, ಬಾವಿಗಳಿಗೆ ಗಪ್ಪಿ ಮೀನು ಬಿಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕೆರೆ ಹಳ್ಳಗಳಿಗೆ ಮಾತ್ರ ಅದನ್ನು ಬಿಡಬೇಡಿ, ಸ್ಥಳೀಯ ಮೀನುಗಳಿಗೆ ಕುತ್ತು. ಕೈತೊಳೆಯುವ ನೀರಿಗೆ ಇಂಗುಗುಂಡಿಯನ್ನು ಪಂಚಾಯಿತಿ ಕಾಮಗಾರಿಯಲ್ಲಿ ಮಾಡಿಸಿಕೊಳ್ಳಲು ಈಗಲೇ ಅರ್ಜಿ ಕೊಡಿ, ಮಳೆ ಹಿಡಿದ ಮೇಲೆ ಯಾರೂ ಅಗೆಯುವುದಿಲ್ಲ.

ಇನ್ನು ಕಳೆ. ಶಾಲಾ ಮೈದಾನದಲ್ಲಿ ಕಳೆನಾಶಕ ಬೇಡ. ಪ್ಯಾರಾಕ್ವಾಟ್ ಸ್ವಲ್ಪ ಹೊಟ್ಟೆಗೆ ಹೋದರೂ ಬದುಕುವುದು ಕಷ್ಟ. ಗ್ಲೈಫೋಸೇಟನ್ನು ಪರವಾನಗಿ ಇರುವ ಕೀಟ ನಿಯಂತ್ರಕರಷ್ಟೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಹುಲ್ಲನ್ನು ಯಂತ್ರದಲ್ಲಿ ಕತ್ತರಿಸಿದರೆ ಆಯಿತು. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮಾತ್ರ ಬೇರು ಸಹಿತ ಹೋಗಬೇಕು. ಮೊಳೆತು ನಾಲ್ಕಾರು ವಾರಕ್ಕೆ ಹೂ ಬಿಡುತ್ತದೆ, ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂವಿಗೆ ಮುಂಚೆ ಕಿತ್ತರೆ ಸಲೀಸು, ಗೊಬ್ಬರಕ್ಕೂ ಆಗುತ್ತದೆ. ಹೂಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷ ಕೈತೋಟವೆಲ್ಲ ಅದೇ. ಶ್ರಮದಾನದ ಹೆಸರಿನಲ್ಲಿ ಮಕ್ಕಳಿಂದ ಇದನ್ನು ಕೀಳಿಸುವುದು ತಪ್ಪು. ಚರ್ಮದ ತುರಿಕೆ, ಉಬ್ಬಸ ಎರಡೂ ಬರುತ್ತವೆ. ಕೈಗವಸು, ಮುಖಕ್ಕೆ ಬಟ್ಟೆ ಕಟ್ಟಿದ ದೊಡ್ಡವರೇ ಮಾಡಲಿ. ಎಲೆಯ ಮೇಲೆ ಕಪ್ಪು ಗೆರೆಯ ಕೆನೆಬಣ್ಣದ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಅದು. ಕಳೆ ಹೋದ ಜಾಗ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ, ಗರಿಕೆಯನ್ನೋ ತಗಚೆಯನ್ನೋ ಬೆಳೆಯಲು ಬಿಡಿ.

ಮೈದಾನದ ಕೆಂಪಿರುವೆ ಗೂಡಿಗೆ ಭಾನುವಾರ ಬೆಳಿಗ್ಗೆ ಐದಾರು ಲೀಟರ್ ಕುದಿಯುವ ನೀರು ಸುರಿಯಬಹುದು. ಒಂದೇ ಸಲಕ್ಕೆ ರಾಣಿ ಸಾಯದು, ವಾರ ಬಿಟ್ಟು ಮತ್ತೆರಡು ಸಲ ಬೇಕಾದೀತು. ಮಾವಿನ ಎಲೆಯಲ್ಲಿ ಗೂಡು ಕಟ್ಟುವ ಚಗಳಿ ಇರುವೆ ಮರಕ್ಕೆ ಕಾವಲು, ಕೊಂಬೆ ಕೈಗೆ ಎಟುಕುವಂತಿದ್ದರೆ ಅದನ್ನಷ್ಟು ಸವರಿದರೆ ಸಾಕು. ಹೆಜ್ಜೇನು ಕಟ್ಟಿದರೆ ಹೊಗೆ, ಕಲ್ಲು, ಸ್ಪ್ರೇ ಯಾವುದೂ ಬೇಡ. ಅದು ವಲಸೆ ಹೋಗುವ ಜೇನು, ಋತು ಮುಗಿದರೆ ತಾನೇ ಏಳುತ್ತದೆ. ಆ ಕಡೆಗೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿ. ತರಗತಿಯ ಬಾಗಿಲ ಮೇಲೇ ಇದ್ದರೆ ಅನುಭವಸ್ಥ ಜೇನು ಹಿಡಿಯುವವರನ್ನು ರಾತ್ರಿ ಕರೆಸಿ. ನುಗ್ಗೆ ಮರದ ಕಾಂಡಕ್ಕೆ ಹಗಲು ಗುಂಪಾಗಿ ಅಂಟಿಕೊಳ್ಳುವ ಕಂಬಳಿಹುಳುಗಳನ್ನು ಸಾಬೂನು ನೀರಿನ ಬಕೀಟಿಗೆ ಕೆರೆದು ಹಾಕಿ. ಪಂಜಿನಿಂದ ಸುಟ್ಟರೆ ರೋಮ ಗಾಳಿಗೆ ಹಾರಿ ಮಕ್ಕಳ ಮೈಗೇ ಬೀಳುತ್ತದೆ. ಆಫ್ರಿಕನ್ ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿಗೆ ಹಾಕಿ. ಬರಿಗೈಲಿ ಮುಟ್ಟಬಾರದು, ಮಿದುಳಿನ ಉರಿಯೂತ ತರುವ ಪರೋಪಜೀವಿ ಅದರಲ್ಲಿರಬಹುದು. ಕೈತೋಟದ ಹೇನು ಹುಳಕ್ಕೆ ಬೇವಿನ ಬೀಜದ ಕಷಾಯ ಸಾಕು: 10 ಲೀಟರಿಗೆ 500 ಗ್ರಾಂ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ, 10 ಗ್ರಾಂ ಸಾಬೂನು ಕರಗಿಸಿ ಸಂಜೆ ಸಿಂಪಡಿಸಿ. ಬಿಸಿಲು ಅದರ ಸತ್ವ ಕೆಡಿಸುತ್ತದೆ, ಮಾರನೆಯ ದಿನಕ್ಕೆ ಎತ್ತಿಡುವಂಥದ್ದೂ ಅಲ್ಲ.

ಪಕ್ಕದ ಹೊಲ ತೋಟಗಳ ಕಡೆಯೂ ಕಣ್ಣಿರಲಿ. ದಕ್ಷಿಣ ಕನ್ನಡ, ಕಾಸರಗೋಡಿನ ಗೇರು ತೋಟಗಳಿಗೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕ ಗಾಳಿಯಲ್ಲಿ ಊರಿನ ಮೇಲೆ ಬಿದ್ದದ್ದನ್ನು ಕಂಡ ನಾಡು ನಮ್ಮದು. ಬೇಲಿ ಹಂಚಿಕೊಂಡ ರೈತರ ಬಳಿ ಹೋಗಿ, ಶಾಲೆಯ ವೇಳೆ ಬಿಟ್ಟು, ಗಾಳಿ ಶಾಲೆಯತ್ತ ಬೀಸದ ಹೊತ್ತಿನಲ್ಲಿ ಸಿಂಪಡಿಸುವಂತೆ ಕೇಳಿಕೊಳ್ಳಿ. ಅವರ ಮಕ್ಕಳೂ ಅಲ್ಲೇ ಓದುತ್ತಿರುತ್ತಾರೆ.

ಇಷ್ಟಾದರೂ ವಿಷ ಬೇಕಾಗುವ ಸಂದರ್ಭ ಇಲ್ಲದಿಲ್ಲ: ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದಾಗ, ಮಕ್ಕಳ ತಲೆಯ ಮಟ್ಟದಲ್ಲಿ ಕಣಜ ಗೂಡು ಕಟ್ಟಿದಾಗ. ಆಗ ಪರವಾನಗಿ ಇರುವವರನ್ನೇ ಕರೆಸಿ, ಆ ಒಂದು ಜಾಗಕ್ಕಷ್ಟೇ ಮಾಡಿಸಿ. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಶಾಲೆಗೆ ಬೇಡ. ರಜೆಯ ಮೊದಲ ವಾರ ಒಳ್ಳೆಯದು. ತಡೆಯಲಾಗದಿದ್ದರೆ ಶನಿವಾರ ಮಧ್ಯಾಹ್ನ, ಸೋಮವಾರ ಬೆಳಗಿನವರೆಗೆ ಸುಮಾರು ನಲವತ್ತು ಗಂಟೆ ಸಿಗುತ್ತದೆ. ಡಬ್ಬಿಯಲ್ಲಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ಲೆಕ್ಕ. ಎರಡು ದಿನ ಮುಂಚೆ ಪೋಷಕರಿಗೆ ತಿಳಿಸಿ. ಏನು, ಎಷ್ಟು, ಎಲ್ಲಿ, ಯಾರು ಹೊಡೆದರು ಎಂಬುದು ರಿಜಿಸ್ಟರಿನಲ್ಲಿರಲಿ. ಮಗುವಿಗೆ ವಾಂತಿ, ತಲೆಸುತ್ತು ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.

ಉಳಿದ ವಿಷವನ್ನು ತಂದವರೇ ಒಯ್ಯಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಸೇರಿತ್ತು. ಆದ್ದರಿಂದ ಮೈದಾನಕ್ಕಿಳಿಯುವ ಮುಂಚೆ ನಿಮ್ಮ ಶಾಲೆಯ ಉಗ್ರಾಣ, ಅಡುಗೆ ಕೋಣೆಯ ಅಟ್ಟ, ಬೀರುಗಳನ್ನು ತೆರೆಸಿ ನೋಡಿ. ಹಳೆಯ ಪುಡಿ, ಹೆಸರಿಲ್ಲದ ಬಾಟಲಿ, ಕೀಟನಾಶಕದ ಖಾಲಿ ಕ್ಯಾನು ಸಿಕ್ಕರೆ ಮೋರಿಗೆ ಸುರಿಯಬೇಡಿ, ಸುಡಬೇಡಿ. ಗಟ್ಟಿ ಡಬ್ಬಿಯೊಳಗಿಟ್ಟು, ‘ವಿಷ’ ಎಂದು ಬರೆದು, ಅಡುಗೆ ಕೋಣೆಯಿಂದ ದೂರ ಬೀಗ ಹಾಕಿಟ್ಟು, ಮುಂದೇನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯನ್ನು ಅಂದೇ ಕೇಳಿ.