ಅಲ್ಜೀರಿಯಾದವರಿಗೆ ಫ್ರೆಂಚ್ ಬೇಕೋ, ಬೇಡವೋ?

ಪ್ರಶ್ನೆ: ಅಲ್ಜೀರಿಯಾದಲ್ಲಿ ಫ್ರೆಂಚ್ ಬಲ್ಲವರು ಲಕ್ಷಗಟ್ಟಲೆ ಇದ್ದರೂ ಆ ದೇಶ ಫ್ರೆಂಚ್ ಭಾಷಿಕ ರಾಷ್ಟ್ರಗಳ ಒಕ್ಕೂಟವನ್ನು ಸೇರಿಲ್ಲವೇಕೆ? ಅಲ್ಲಿನವರಿಗೆ ಆ ಭಾಷೆಯೆಂದರೆ ದ್ವೇಷವೇ?

ಉತ್ತರ: ದ್ವೇಷವೆಂದುಬಿಟ್ಟರೆ ಅರ್ಧ ಸಂಗತಿ ಕೈತಪ್ಪುತ್ತದೆ. 1830ರಿಂದ 1962ರವರೆಗೆ, 132 ವರ್ಷ ಅಲ್ಲಿ ಬೀಡುಬಿಟ್ಟಿದ್ದ ಫ್ರಾನ್ಸ್, ಆ ನಾಡನ್ನು ತನ್ನದೇ ನೆಲದ ಭಾಗವೆಂದು ಸಾರಿತಾದರೂ ಅಲ್ಲಿನ ಮುಸ್ಲಿಮರ ಮಕ್ಕಳಲ್ಲಿ ಕೆಲವರಿಗಷ್ಟೇ ತನ್ನ ಶಾಲೆಯ ಬಾಗಿಲು ತೆರೆಯಿತು. ಉಳಿದವರ ಪಾಲಿಗೆ ಫ್ರೆಂಚ್ ಎಂದರೆ ಕಚೇರಿಯ, ಪೊಲೀಸರ, ಭೂದಾಖಲೆಗಳ ಭಾಷೆ. 1882ರ ಕಾನೂನು ಮನೆತನದ ಹೆಸರನ್ನು ಕಡ್ಡಾಯ ಮಾಡಿದಾಗ, ತಂದೆ, ಅಜ್ಜಂದಿರ ಹೆಸರು ಜೋಡಿಸಿ ತಮ್ಮ ಗುರುತು ಹೇಳುತ್ತಿದ್ದ ಜನರಲ್ಲಿ ಎಷ್ಟೋ ಮಂದಿಯ ದಾಖಲೆಗಳಲ್ಲಿ ‘ಎಸ್.ಎನ್.ಪಿ.’ ಎಂಬ ಮೂರಕ್ಷರ ಬಿತ್ತು. ‘ಮನೆತನದ ಹೆಸರಿಲ್ಲದವರು’ ಎಂದು ಅದರ ಅರ್ಥ. ಹೆಸರೇ ಇಲ್ಲವೆಂದು ಬರೆದ ಭಾಷೆಯನ್ನು ಮೊಮ್ಮಕ್ಕಳು ಸುಲಭವಾಗಿ ಮರೆಯುವುದಿಲ್ಲ.

ಹಾಗೆಂದು ಅದನ್ನು ಬಿಟ್ಟುಕೊಡಲೂ ಇಲ್ಲ. ಫ್ರೆಂಚ್ ಆಳ್ವಿಕೆಯ ವಿರುದ್ಧ 1945ರಲ್ಲಿ ನಡೆದ ಪ್ರತಿಭಟನೆಯಲ್ಲಿ ಹದಿನೈದನೆಯ ವಯಸ್ಸಿಗೇ ಸೆರೆಮನೆ ಕಂಡ ಅಲ್ಜೀರಿಯಾದ ಸಾಹಿತಿ ಕಾತೆಬ್ ಯಾಸಿನ್ ಮುಂದೆ ಫ್ರೆಂಚಿನಲ್ಲೇ ಬರೆದು ಹೆಸರಾದರು. ಆ ಭಾಷೆಯನ್ನು ಅವರು ಕರೆದದ್ದು ಯುದ್ಧದಲ್ಲಿ ಗೆದ್ದುಕೊಂಡ ಸೊತ್ತು ಎಂದು. ಓದು ಬಾರದ ತನ್ನವರನ್ನು ತಲುಪಲು 1970ರ ದಶಕದಲ್ಲಿ ಆಡುಮಾತಿನ ಅರಬ್ಬಿಯಲ್ಲಿ ನಾಟಕವಾಡಿಸಿದವರೂ ಅವರೇ.

ಸೋಜಿಗವೆಂದರೆ, ಫ್ರೆಂಚ್ ಹೆಚ್ಚು ಜನರಿಗೆ ದಕ್ಕಿದ್ದು ಸ್ವಾತಂತ್ರ್ಯ ಬಂದು ಊರೂರಲ್ಲಿ ಶಾಲೆ ತೆರೆದ ಮೇಲೆ. ಸರ್ಕಾರ ಹಂತಹಂತವಾಗಿ ಪಾಠವನ್ನು ಅರಬ್ಬಿಗೆ ತಿರುಗಿಸಿತಾದರೂ ವೈದ್ಯಕೀಯ, ತಾಂತ್ರಿಕ ಶಿಕ್ಷಣ ಮತ್ತು ಒಳ್ಳೆಯ ನೌಕರಿಗಳು ಬಹುಕಾಲ ಫ್ರೆಂಚಿನಲ್ಲೇ ಉಳಿದವು. ಅರಬ್ಬಿಯಲ್ಲಿ ಓದಿದ ಬಡವರ ಮಕ್ಕಳು ಪದವಿ ಹಿಡಿದು ಬೀದಿಯಲ್ಲಿ ನಿಂತರು. ಗೋಡೆಗೊರಗಿ ದಿನ ದೂಡುವ ನಿರುದ್ಯೋಗಿಗೆ ಅಲ್ಲಿ ‘ಹಿತಿಸ್ತ್’ ಎನ್ನುತ್ತಾರೆ: ‘ಹಿತ್’ ಎಂದರೆ ಅರಬ್ಬಿಯಲ್ಲಿ ಗೋಡೆ, ‘ಇಸ್ತ್’ ಫ್ರೆಂಚ್ ಪ್ರತ್ಯಯ. ಫ್ರೆಂಚ್ ಬಾರದೆ ಕೆಲಸ ಸಿಗದವನನ್ನು ಹೆಸರಿಸಲೂ ಫ್ರೆಂಚಿನ ತುಂಡು ಬೇಕಾಯಿತು! ನನಗೆ ಕಾಣುವಂತೆ, ಇಂದಿನ ಸಿಟ್ಟಿನಲ್ಲಿ ಹಳೆಯ ಆಳ್ವಿಕೆಯ ನೆನಪಿನಷ್ಟೇ ಈ ವರ್ಗಭೇದದ ಪಾಲೂ ಇದೆ.

ಇನ್ನು ಒಕ್ಕೂಟದ ಮಾತು. 1970ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಸೇರುವುದೆಂದರೆ ಮತ್ತೆ ಪ್ಯಾರಿಸ್‌ನ ನೆರಳಿಗೆ ಸರಿದಂತೆ ಎಂಬ ಅಳುಕು ಅಲ್ಲಿನ ರಾಜಕಾರಣದಲ್ಲಿ ಬಲವಾಗಿದೆ. ಅಧ್ಯಕ್ಷ ಬೂತಫ್ಲಿಕಾ 2002ರಲ್ಲಿ ಬೈರೂತ್ ಶೃಂಗಸಭೆಗೆ ಹೋದದ್ದು ಅತಿಥಿಯಾಗಿ, ದೇಶ ಸದಸ್ಯನಾಗಲಿಲ್ಲ. 2022ರಿಂದ ಮೂರನೆಯ ತರಗತಿಯಲ್ಲೇ ಫ್ರೆಂಚಿನ ಜೊತೆಗೆ ಇಂಗ್ಲಿಷ್ ಪಾಠವೂ ಶುರುವಾಗಿದೆ.