ಅನ್ನದ ಪ್ರಶ್ನೆಯಿಂದ ಬೆಳೆದ ಸಭೆ: ಮಂಗಳೂರಿನ ಬಾಸೆಲ್ ಮಿಶನ್ ಕ್ರೈಸ್ತರ ಹಿನ್ನೆಲೆ

ಕರಾವಳಿಯ ಹಳೆಯ ಮನೆಯೊಂದರ ಮಾಡಿನಿಂದ ಹಂಚು ಇಳಿಸಿ ಮಗುಚಿದರೆ ಕೆಲವೊಮ್ಮೆ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್’ ಎಂಬ ಉಬ್ಬು ಅಕ್ಷರಗಳೂ ‘1865’ ಎಂಬ ಇಸವಿಯೂ ಕಾಣುತ್ತವೆ. ಅದು ಆ ಹಂಚು ತಯಾರಾದ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಮಂಗಳೂರು ಹಂಚಿನ ಹೆಸರು ಕೇಳದವರಿಲ್ಲ. ಆದರೆ ಧರ್ಮಪ್ರಚಾರಕ್ಕೆಂದು ಬಂದವರಿಗೆ ಮಣ್ಣು ಹದಮಾಡಿ ಹಂಚು ಸುಡುವ ಉಸಾಬರಿ ಏಕೆ ಬೇಕಾಯಿತು ಎಂದು ಕೇಳುವವರು ಕಡಿಮೆ. ಉತ್ತರವಿರುವುದು ಮಂಗಳೂರಿನ ಬಲ್ಮಠದ ಸುತ್ತ ಬೆಳೆದ ಪ್ರೊಟೆಸ್ಟಂಟ್ ಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಚರಿತ್ರೆಯಲ್ಲಿ. ಈ ಸಭೆಯನ್ನು ರೂಪಿಸಿದ್ದರಲ್ಲಿ ಬೋಧನೆಯ ಪಾಲು ಎಷ್ಟಿದೆಯೋ ಅನ್ನದ ಪ್ರಶ್ನೆಯ ಪಾಲೂ ಅಷ್ಟೇ ಇದೆ.

ಬ್ರಿಟಿಷರಲ್ಲದ ಮಿಶನರಿಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯೊಳಗೆ ದಾರಿ ಸುಗಮವಾದದ್ದು 1833ರ ಚಾರ್ಟರ್ ಕಾಯ್ದೆಯಿಂದ. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯ ಮೂಲಕ ಮಂಗಳೂರು ತಲುಪಿದರು. ಅವರನ್ನು ಕಳುಹಿಸಿದ ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಸಂಸ್ಥೆ. ಆದರೆ ಅದರ ಮಿಶನರಿಗಳಲ್ಲಿ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯ ರೈತರ, ಕಸುಬುದಾರರ ಮಕ್ಕಳು. ಕೈಕೆಲಸ ಮಾಡುವುದನ್ನು ಕೀಳೆಂದು ಎಣಿಸದ ಮನೆಗಳಿಂದ ಬಂದವರು. ಇದು ಮುಂದಿನ ಕಥೆಗೆ ಬಹಳ ಮುಖ್ಯ. ಅವರು ಜರ್ಮನರಾಗಿದ್ದುದೂ ಎಂಬತ್ತು ವರ್ಷಗಳ ನಂತರ ಅಷ್ಟೇ ಮುಖ್ಯವಾಯಿತು.

1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1840ರಲ್ಲಿ ಕಲೆಕ್ಟರ್ ಬ್ಲೇರ್ ಕೊಟ್ಟ ಬಲ್ಮಠದ ಗುಡ್ಡದ ಜಾಗ ಮಿಶನ್ನಿನ ನೆಲೆಯಾಯಿತು. ಕಲ್ಲಚ್ಚಿನ ಮುದ್ರಣಾಲಯ, 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’, ಮುಂದೆ ಕಿಟೆಲರ ನಿಘಂಟು, ಇವೆಲ್ಲ ಕನ್ನಡಿಗರಿಗೆ ಚೆನ್ನಾಗಿ ಪರಿಚಿತ. ನಾವು ಈ ಪಂಡಿತರನ್ನು ಎಷ್ಟು ನೆನೆಯುತ್ತೇವೋ, ಅವರ ಜತೆ ಭಾನುವಾರದ ಆರಾಧನೆಗೆ ಕುಳಿತವರನ್ನು ಅಷ್ಟೇ ಮರೆತಿದ್ದೇವೆ ಎಂಬುದು ನನ್ನನ್ನು ಕಾಡುವ ಸಂಗತಿ.

1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ತನ್ನ ಇಬ್ಬರು ಸಹಪಾಠಿಗಳೊಂದಿಗೆ ಕ್ರೈಸ್ತ ಮತಕ್ಕೆ ಸೇರುವ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕುದಿಯಿತು. ಮಿಶನ್ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡರು. ಕೌಂಡಿನ್ಯರು ಮನೆ, ಮಡದಿ, ಬಂಧುಬಳಗವನ್ನೆಲ್ಲ ಕಳೆದುಕೊಂಡರು. ಮುಂದೆ ಬಾಸೆಲ್ಲಿನಲ್ಲಿ ಓದಿ ಮಿಶನರಿಯಾಗಿಯೇ ಮರಳಿದರು. ಇಂಥ ಪ್ರಸಂಗಗಳು ದೊಡ್ಡ ಸುದ್ದಿಯಾದವು, ಆದರೆ ಸಭೆ ಬೆಳೆದದ್ದು ಇವುಗಳಿಂದಲ್ಲ. ದಕ್ಷಿಣ ಕನ್ನಡದಲ್ಲಿ ಸೇರಿದವರಲ್ಲಿ ಹೆಚ್ಚಿನವರು ಮನೆಯಲ್ಲಿ ತುಳು ಆಡುವ ಬಿಲ್ಲವರು. ಮೂರ್ತೆದಾರಿಕೆ (ಶೇಂದಿ ಇಳಿಸುವ ಕಸುಬು), ಗೇಣಿ ಬೇಸಾಯ, ಕೂಲಿ ಅವರ ಬದುಕು.

ಅಂಥ ಕುಟುಂಬಕ್ಕೆ ದೀಕ್ಷಾಸ್ನಾನ ಎಂದರೆ ಏನಾಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶೇಂದಿ ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹಾಗಾಗಿ ಕುಲಕಸುಬು ಹೋಯಿತು. ಭೂತಾರಾಧನೆಯಿಂದ ದೂರ ಸರಿದರೆ ಊರಿನೊಂದಿಗಿನ ಕೊಡುಕೊಳ್ಳುವಿಕೆಯೇ ಕಡಿಯುತ್ತಿತ್ತು, ಗೇಣಿಗೆ ಕೊಟ್ಟ ಧಣಿಯ ಮನಸ್ಸೂ ಮುರಿಯುತ್ತಿತ್ತು. ಅಳಿಯಸಂತಾನದ ಮನೆಯಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವಂಥದು. ಮತ ಬದಲಿಸಿದವನ ಹಕ್ಕು ಹೋಗಬಾರದೆಂಬ ಕಾಯ್ದೆ 1850ರಲ್ಲಿ ಬಂದರೂ ಕಾಗದದ ಮೇಲಿನ ಹಕ್ಕಿನಿಂದ ಕುಟುಂಬದ ಮನೆಯೊಳಗೆ ಜಾಗ ಸಿಗುವುದಿಲ್ಲ. ಬಾವಿ, ಬೆಂಕಿ, ಮದುವೆಯ ನಂಟು ಎಲ್ಲಕ್ಕೂ ಸಭೆಯನ್ನೇ ನೆಚ್ಚಬೇಕು. ‘ಅನ್ನಕ್ಕಾಗಿ ಮತ ಬಿಟ್ಟವರು’ ಎಂಬ ಮಾತನ್ನು ಇಂದಿಗೂ ಸಲೀಸಾಗಿ ಆಡುವವರಿದ್ದಾರೆ. ಮಂಗಳೂರಿನಲ್ಲಿ ನಡೆದ ಕ್ರಮ ಅದಕ್ಕೆ ತಿರುಗುಮುರುಗು: ಮೊದಲು ಅನ್ನ ಹೋಯಿತು, ಅದನ್ನು ತುಂಬಿಕೊಡುವ ದಾರಿ ಮಿಶನ್ನಿಗೆ ತಿಳಿದದ್ದು ತಡವಾಗಿ, ತಡವರಿಸುತ್ತ.

ಬೇಸಾಯ ನಡೆಸಿ ನೋಡಿದರು. ಗಡಿಯಾರದ ಕೆಲಸ ಕಲಿಸಿ ನೋಡಿದರು. ಮುದ್ರಣಾಲಯ ಕೆಲವರಿಗೆ ಮಾತ್ರ ಕೆಲಸ ಕೊಡಬಲ್ಲದು. 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಬಂದ ಮೇಲೆ ಮಗ್ಗಗಳು ಗಟ್ಟಿಯಾಗಿ ನೆಲೆಯೂರಿದವು. ಖಾಕಿ ಬಣ್ಣ ಅವರ ಬಣ್ಣದಮನೆಯಲ್ಲಿ ಹುಟ್ಟಿತೆಂದು ಕರಾವಳಿ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಕೊನೆಗೆ ಕೈಹಿಡಿದದ್ದು ನೇತ್ರಾವತಿಯ ಜೇಡಿಮಣ್ಣು. ಮುದ್ರಣಾಲಯದ ಹೊಣೆ ಹೊತ್ತಿದ್ದ ಯಂತ್ರಜ್ಞ ಪ್ಲೆಬ್ಸ್ಟ್ ಆ ಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಣ್ಣು ಅರೆಯುವುದಕ್ಕೆ ಮೊದಲು ಎತ್ತುಗಳಿದ್ದವು, ಆಮೇಲೆ ಉಗಿಯಂತ್ರ ಬಂತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಚಪ್ಪಟೆ ಹಂಚು ಹುಲ್ಲಿನ ಮಾಡಿಗಿಂತ ಭದ್ರವಾಗಿತ್ತು. ಬೆಂಕಿಯ ಭಯ ಇರಲಿಲ್ಲ. ಬೇಡಿಕೆ ಏರಿತು, ಇತರರೂ ಹಂಚಿನ ಕಾರ್ಖಾನೆ ತೆರೆದರು, ಊರಿನ ಕಸುಬೇ ಬದಲಾಯಿತು.

ಕಾರ್ಖಾನೆ ಇದ್ದಲ್ಲಿ ಕ್ರೈಸ್ತ ಕುಟುಂಬಗಳು ನೆಲೆಸಿದವು. 1862ರಲ್ಲಿ ಕಟ್ಟಿದ ಬಲ್ಮಠದ ಶಾಂತಿ ದೇವಾಲಯ ಹಿರಿಯದಾದರೆ, ಜೆಪ್ಪುವಿನಲ್ಲಿ ಕಾಂತಿ ದೇವಾಲಯ ಎದ್ದಿತು. ಮೂಲ್ಕಿ, ಉಡುಪಿಗಳಲ್ಲೂ ಸಭೆಗಳು ಬೇರುಬಿಟ್ಟವು. ಒಳಗೆ ಜಾತಿಭೇದಕ್ಕೆ ಎಡೆಯಿಲ್ಲ ಎಂಬ ವಿಷಯದಲ್ಲಿ ಮಿಶನ್ ಕಟ್ಟುನಿಟ್ಟಾಗಿತ್ತು. ಆರಾಧನೆಯಲ್ಲಿ ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನವನ್ನು ಒಂದೇ ಬಟ್ಟಲಿನಿಂದ ಸ್ವೀಕರಿಸಲಾರದವರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. ಆದರೆ ಮನೆತನದ ಗುರುತು ಅಳಿಯಲಿಲ್ಲ. ಜತ್ತನ್ನ, ಅಮ್ಮನ್ನ, ಕುಂದರ್, ಕರ್ಕಡ ಮುಂತಾದ ಊರಿನ ನೆಲದ ಹೆಸರುಗಳು ಕ್ರೈಸ್ತ ಹೆಸರುಗಳ ಬೆನ್ನಿಗೆ ಹಾಗೆಯೇ ಉಳಿದಿವೆ. ಆರಾಧನೆ ಕನ್ನಡದಲ್ಲಿ, ಮನೆಮಾತು ತುಳುವಿನಲ್ಲಿ, ರಾಗ ಎಷ್ಟೋ ಸಲ ಜರ್ಮನಿಯದು. ಗ್ರೈನರ್ ಮತ್ತು ಅಮ್ಮನ್ ಅವರು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು ಕನ್ನಡ ಲಿಪಿಯಲ್ಲಿ ಅಚ್ಚಾಗಿಸಿದ್ದು 1840ರ ದಶಕದಲ್ಲೇ. ಇಂದು ತುಳು ಅಚ್ಚಾಗುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಆಗಿರುವುದರ ಹಿಂದೆ ಈ ಪುಟ್ಟ ಸಭೆಯ ಓದುವ ಅಗತ್ಯವೂ ಇತ್ತು.

ಈ ವ್ಯವಸ್ಥೆಗೆ ನೋವಿನ ಮುಖವೂ ಇತ್ತು. ಬೋಧಿಸುವವನೂ ಸಂಬಳ ಕೊಡುವವನೂ ಒಂದೇ ಮಿಶನ್ ಆದಾಗ ಸಭೆಯವನ ಸ್ವಾತಂತ್ರ್ಯ ಕುಗ್ಗುತ್ತದೆ. ಸಭೆಯ ಶಿಸ್ತು ಮುರಿದವನಿಗೆ ಕೆಲಸದ ಚಿಂತೆ, ಕೆಲಸದಲ್ಲಿ ತಕರಾರು ಮಾಡಿದವನಿಗೆ ಸಭೆಯ ಚಿಂತೆ. ಕಾರ್ಖಾನೆಗಳು ಮಾಡಿದ ಉಪಕಾರವನ್ನು ನಾನು ಕಡಿಮೆ ಎನ್ನುವುದಿಲ್ಲ. ಆದರೆ ಎರಡು ಮೂರು ತಲೆಮಾರುಗಳ ಕಾಲ ಈ ಸಭೆ ಸ್ವಂತ ನಿರ್ಧಾರದ ರುಚಿ ಕಾಣದೆ ಬೆಳೆಯಿತು ಎಂಬುದನ್ನೂ ಹೇಳಲೇಬೇಕು.

ಆ ಆಸರೆ ತಪ್ಪಿದ್ದು 1914ರಲ್ಲಿ. ಮೊದಲ ಮಹಾಯುದ್ಧ ಶುರುವಾಗುತ್ತಲೇ ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನ ಶಿಬಿರಗಳಿಗೆ ಕಳುಹಿಸಿದರು. ಹಂಚಿನ, ನೇಯ್ಗೆಯ ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಅದೇ ಮಣ್ಣು, ಅದೇ ಕೆಲಸಗಾರರು, ಆದರೆ ಧಣಿಗೂ ಸಭೆಗೂ ಇದ್ದ ನಂಟು ಕಡಿಯಿತು. ಸ್ವಿಸ್ ಮೂಲದ ಕೆನರೀಸ್ ಇವ್ಯಾಂಜೆಲಿಕಲ್ ಮಿಶನ್ ಒಂದಷ್ಟು ಭಾರ ಹೊತ್ತಿತು. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆ ಆರಂಭಿಸಿದ್ದು ಇದೇ ಕಾಲದಲ್ಲಿ. ಆದರೂ ದಿನನಿತ್ಯದ ಸಭಾಪಾಲನೆಯ ಭಾರ ಹೆಚ್ಚು ಹೆಚ್ಚಾಗಿ ಊರಿನ ಸಭಾಪಾಲಕರ ಮತ್ತು ಹಿರಿಯರ ಹೆಗಲಿಗೇ ಬಿತ್ತು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅಸ್ತಿತ್ವಕ್ಕೆ ಬಂತು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಬೇರೆ ಬೇರೆ ಪರಂಪರೆಗಳು ಒಂದಾದ ಆ ಮನೆಗೆ ಬಾಸೆಲ್ ಮಿಶನ್ ಸಭೆಗಳೂ ಸೇರಿದವು. 1970ರಲ್ಲಿ ಅದರ ಮೈಸೂರು ಸಭಾಪ್ರಾಂತ (ಡಯಾಸಿಸ್) ಮೂರಾಗಿ ಒಡೆದು ಕರ್ನಾಟಕ ದಕ್ಷಿಣ ಸಭಾಪ್ರಾಂತ ರೂಪುಗೊಂಡಾಗ ಅದರ ಕೇಂದ್ರ ಬಲ್ಮಠವೇ ಆಯಿತು. ಇಂದು ಈ ಸಭೆಗಳು ನಡೆಯುವುದು ಸದಸ್ಯರ ಕಾಣಿಕೆಯಿಂದ. ಬೆಳೆಯ ಹಬ್ಬದ ದಿನ ಆ ಲೆಕ್ಕಾಚಾರ ಕಣ್ಣಿಗೆ ಕಾಣುತ್ತದೆ: ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಮನೆಯಲ್ಲಿ ಮಾಡಿದ ತಿಂಡಿ ಎಲ್ಲ ದೇವಾಲಯಕ್ಕೆ ಬರುತ್ತವೆ, ಆರಾಧನೆಯ ನಂತರ ಅಂಗಳದಲ್ಲಿ ಏಲಂ. ಒಂದು ತೆಂಗಿನಕಾಯಿಯ ಬೆಲೆ ಪೇಟೆಯ ಧಾರಣೆಯ ಹತ್ತು ಪಟ್ಟು ಏರಿದರೂ ಕೂಗುವವರು ನಿಲ್ಲಿಸುವುದಿಲ್ಲ, ಏಕೆಂದರೆ ಹಣ ಸಭೆಗೆ.

ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಮೊಮ್ಮಕ್ಕಳು ಬೆಂಗಳೂರಿನಲ್ಲೂ ಕೊಲ್ಲಿ ದೇಶಗಳಲ್ಲೂ ಇದ್ದಾರೆ. ಮಿಶನರಿಗಳು ಬರೆದ ಪತ್ರ, ವರದಿ, ಛಾಯಾಚಿತ್ರಗಳನ್ನು ಬಾಸೆಲ್ಲಿನ ಸಂಗ್ರಹಾಲಯ ಕಾಪಾಡಿಕೊಂಡಿದೆ. ಚಿತ್ರಗಳನ್ನು ಅಂತರ್ಜಾಲದಲ್ಲೂ ನೋಡಬಹುದು. ಆದರೆ ಅವು ಹೇಳುವುದು ಮಿಶನರಿಗಳು ಕಂಡಂತೆ. ಮಗ್ಗದ ಮುಂದೆ, ಆವಿಗೆಯ ಬಳಿ ದುಡಿದವರ ಹೆಸರುಗಳಿರುವುದು ಇಲ್ಲಿನ ಸಭೆಗಳ ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳಲ್ಲಿ. ಕರಾವಳಿಯ ತೇವದಲ್ಲಿ ಕಾಗದ ಬಹುಕಾಲ ಬಾಳುವುದಿಲ್ಲ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ಮಿಶನ್ ಕಾಗದಪತ್ರಗಳ ಸಂಗ್ರಹವಿದೆ. ಸಣ್ಣ ಊರುಗಳ ಸಭೆಗಳು ತಮ್ಮ ಕಪಾಟಿನ ಹಳೆಯ ಪುಸ್ತಕಗಳನ್ನು ಅಲ್ಲಿಗೆ ಕೊಡಲಿ, ಇಲ್ಲವೇ ಅವುಗಳ ಪುಟ ಪುಟದ ಚಿತ್ರ ತೆಗೆದಿಡುವ ಕೆಲಸವನ್ನು ಈ ವರ್ಷವೇ ಶುರುಮಾಡಲಿ.