ಬೇವಿನ ಗಿಡಕ್ಕೆ ನೀರು ಮುಟ್ಟಿದ ದಿನ

ಹಗ್ಗ ಜಗ್ಗಾಟ ಆಡದ ಮಕ್ಕಳು ನಮ್ಮ ಬೀದರ್ ಕಡೆ ಸಿಗುವುದು ಕಷ್ಟ. ಶಾಲೆಯಲ್ಲಿ ಆಟದ ದಿನ ಬಂತೆಂದರೆ ಹಗ್ಗ ಹೊರಗೆ ಬರುತ್ತದೆ. ಆ ಕಡೆ ಹತ್ತು, ಈ ಕಡೆ ಹತ್ತು. ಊರಿಗೆಲ್ಲ ಕೇಳುವಂತೆ ಕೂಗಾಟ. ಇನ್ನೊಮ್ಮೆ ಆ ಆಟ ನೋಡುವಾಗ ಹಗ್ಗದ ನಡುವೆ ನಿಂತ ಮಗುವನ್ನು ಸ್ವಲ್ಪ ಗಮನಿಸಿ. ಹಲ್ಲು ಕಚ್ಚಿರುತ್ತದೆ, ಮುಖ ಕೆಂಪಾಗಿರುತ್ತದೆ. ಆದರೆ ತೋಳಿನಲ್ಲಿ ಅಷ್ಟು ಜೋರು ಇರುವುದಿಲ್ಲ.

ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 19ನೇ ಶತಮಾನದ ಕೊನೆಯಲ್ಲಿ ಇದನ್ನೇ ಅಳೆದು ನೋಡಿದ. ಒಬ್ಬೊಬ್ಬರೇ ಹಗ್ಗ ಎಳೆದಾಗ ಎಷ್ಟು ಬಲ, ಗುಂಪಾಗಿ ಎಳೆದಾಗ ಎಷ್ಟು ಎಂದು ಲೆಕ್ಕ ಇಟ್ಟ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲಿನ ಎಳೆತ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೇ ಹೋಗುವುದು ಒಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದು. 1974ರಲ್ಲಿ ಅಮೆರಿಕದ ಸಂಶೋಧಕರು ಜನರ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂತುದಿಗೆ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವಂತೆ ಸುಮ್ನೆ ನಟಿಸುತ್ತಿದ್ದರು. ನಿಜವಾಗಿ ಎಳೆಯುತ್ತಿದ್ದವನು ಒಬ್ಬನೇ. ಆದರೂ ಹಿಂದೆ ಜನ ಇದ್ದಾರೆ ಅಂದುಕೊಂಡ ಕೂಡಲೇ ಅವನ ಕೈ ಸಡಿಲವಾಗುತ್ತಿತ್ತು.

ಇದನ್ನು ಸೋಮಾರಿತನ ಎಂದು ಬೈದರೆ ಏನೂ ಕಲಿತಂತಾಗುವುದಿಲ್ಲ. ಮುಂದೆ 1981ರಲ್ಲಿ ನಡೆದ ಪ್ರಯೋಗದಲ್ಲಿ ಜನರನ್ನು ಗುಂಪಾಗಿ ಕೂಗಲು ಹೇಳಿ, ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆ ಅಳೆಯುತ್ತೇವೆ ಅಂದರು. ಆಗ ಈ ಸಡಿಲತನ ಮಾಯವಾಯಿತು. ನನ್ನ ಪಾಲು ಯಾರಿಗಾದರೂ ಕಾಣುತ್ತದೆ ಎಂದು ಗೊತ್ತಾದರೆ ಮನುಷ್ಯ ಮನಸ್ಸಿಟ್ಟು ಎಳೆಯುತ್ತಾನೆ.

ಶಾಲೆಯ ಗೋಡೆಯ ಮೇಲೆ 'ಒಗ್ಗಟ್ಟಿನಲ್ಲಿ ಬಲವಿದೆ' ಎಂದು ಬರೆಸುತ್ತೇವೆ, ಅಲ್ವಾ? ಐದನೇ ತರಗತಿಯ ಮಕ್ಕಳನ್ನು ಆರಾರು ಜನರ ಗುಂಪು ಮಾಡಿ ಒಂದು ಚಾರ್ಟ್ ಕೊಡುತ್ತೇವೆ. ಅಕ್ಷರ ಚೆನ್ನಾಗಿರುವ ಒಬ್ಬಳು ಬರೆಯುತ್ತಾಳೆ. ಇನ್ನೊಬ್ಬ ಬಣ್ಣ ತುಂಬುತ್ತಾನೆ. ಉಳಿದ ನಾಲ್ಕು ಮಕ್ಕಳು ಹಗ್ಗದ ನಡುವೆ ನಿಂತಿರುತ್ತಾರೆ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ಆ ನಾಲ್ಕು ಮಕ್ಕಳಿಗೆ ಅವತ್ತು ನಾನು ಕಲಿಸಿದ್ದು ಒಂದೇ: ನೀವಿಲ್ಲದಿದ್ದರೂ ಕೆಲಸ ನಡೆಯುತ್ತದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ದಾರಿ ತೋರಿಸಿದ್ದು ನಮ್ಮ ಬೀದರಿನ ನೆಲ. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿಯುತ್ತದೆ. ಕೆಳಗಿನ ಗಟ್ಟಿ ಕರಿಕಲ್ಲು ಸಿಕ್ಕ ಕೂಡಲೇ ಅಲ್ಲೇ ನಿಂತು ಪಕ್ಕಕ್ಕೆ ಹರಿಯುತ್ತದೆ. ಬಹಮನಿ ಕಾಲದವರು ಪರ್ಷಿಯಾದ ವಿದ್ಯೆ ತಂದು, ಈ ನೀರನ್ನು ನೌಬಾದಿನ ಹತ್ತಿರ ನೆಲದಡಿಯ ಕಾಲುವೆಗೆ ಹರಿಸಿದರು. ಅದೇ ಕರೇಜ್. ಜನ ಸುರಂಗ ಬಾವಿ ಅನ್ನುತ್ತಾರೆ. ಸಾಲಾಗಿ ಬಾವಿ ತೋಡಿ, ಒಂದು ಬಾವಿಯ ತಳದಿಂದ ಇನ್ನೊಂದರ ತಳಕ್ಕೆ ಸುರಂಗ ಕೊರೆಯುತ್ತ ಹೋಗುವುದು ಇದರ ಕ್ರಮ. ಒಬ್ಬರ ತುಂಡು ನಾಲ್ಕು ಬೆರಳು ಮೇಲಾದರೂ ನೀರು ಅಲ್ಲೇ ನಿಲ್ಲುತ್ತದೆ. ಮುಂದಿನವರು ಎಷ್ಟೇ ಚೆನ್ನಾಗಿ ತೋಡಿದ್ದರೂ ಉಪಯೋಗವಿಲ್ಲ.

ಒಂದು ಜುಲೈ ತಿಂಗಳಲ್ಲಿ ಇದನ್ನೇ ಆಟ ಮಾಡಿದೆವು. ನಾಲ್ಕು ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಶಾಲೆಯ ನೀರಿನ ಟಾಕಿಯಿಂದ ಮೂಲೆಯ ಬೇವಿನ ಗಿಡದವರೆಗೆ 24 ಅಡಿ. ನಾಲ್ಕು ಗುಂಪು, ಒಂದೊಂದಕ್ಕೆ 6 ಅಡಿ ನೆಲ. ಕೈಗೆ ಕುರ್ಪಿ, ದಾರ, ಅಳತೆ ಪಟ್ಟಿ. ಬೇರೆ ಗುಂಪಿನ ನೆಲದಲ್ಲಿ ಕುರ್ಪಿ ಹಾಕುವಂತಿಲ್ಲ. ಕೊನೆಗೆ ಮೇಲಿನಿಂದ ಒಂದು ಕೊಡ ನೀರು ಬಿಡುತ್ತೇವೆ. ಅದು ಗಿಡಕ್ಕೆ ಮುಟ್ಟಬೇಕು. ಮುಟ್ಟಿದರೆ ನಾಲ್ಕೂ ಗುಂಪು ಗೆದ್ದಂತೆ. ಮುಟ್ಟದಿದ್ದರೆ ಯಾರೂ ಗೆದ್ದಿಲ್ಲ.

ಮೊದಲ ಕೊಡ ಎರಡನೇ ಗುಂಪಿನ ಗಡಿಯಲ್ಲಿ ನಿಂತುಬಿಟ್ಟಿತು. ಮೂರನೇ ಗುಂಪಿನ ಕಾಲುವೆ ಎತ್ತರದಲ್ಲಿತ್ತು. ಶುರುವಾಯಿತು ಜಗಳ. "ನಿಮ್ಮದೇ ತಪ್ಪು", "ನಾವು ಸರಿ ತೋಡೀವಿ, ನೀವೇ ಆಳ ಮಾಡೀರಿ." ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ಮರಾಠಿ ಆಡುವ ಮಕ್ಕಳು ಒಂದೇ ತರಗತಿಯಲ್ಲಿದ್ದಾರೆ. ಸಿಟ್ಟು ಬಂದಾಗ ನಾಲ್ಕೂ ಭಾಷೆ ಹೊರಗೆ ಬಂದವು.

ನನಗೆ ಆಗ ಮುಜಫರ್ ಶೆರೀಫ್ ನೆನಪಾದ. ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1954ರಲ್ಲಿ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ ಅವನು 11 ವರ್ಷದ ಆಸುಪಾಸಿನ 22 ಹುಡುಗರನ್ನು ಎರಡು ಗುಂಪು ಮಾಡಿದ. ಬಹುಮಾನ ಇಟ್ಟು ಪಂದ್ಯ ಆಡಿಸಿದ. ಅದರಲ್ಲಿ ಹಗ್ಗ ಜಗ್ಗಾಟವೂ ಇತ್ತು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವುದು ಎಲ್ಲ ಶುರುವಾಯಿತು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ, ಸಿನಿಮಾ ತೋರಿಸಿದರೂ ಜಗಳ ನಿಲ್ಲಲಿಲ್ಲ. ಆಮೇಲೆ ಶಿಬಿರದ ಕುಡಿಯುವ ನೀರು ನಿಂತುಹೋಯಿತು. ನಿಲ್ಲಿಸಿದ್ದು ಸಂಶೋಧಕರೇ. ಎರಡೂ ಗುಂಪು ಸೇರಿ ತೊಂದರೆ ಹುಡುಕಬೇಕಾಯಿತು. ಇನ್ನೊಂದು ದಿನ ಊಟ ತರಬೇಕಾದ ಲಾರಿ ಚಾಲೂ ಆಗಲಿಲ್ಲ. ಹುಡುಗರೆಲ್ಲ ಸೇರಿ ಅದಕ್ಕೆ ಹಗ್ಗ ಕಟ್ಟಿ ಎಳೆದರು. ಅದೇ ಜಗ್ಗಾಟದ ಹಗ್ಗ! ಇಂಥ ಕೆಲಸಗಳು ಒಂದರ ಮೇಲೊಂದು ಬಂದಂತೆ ದ್ವೇಷ ಇಳಿಯುತ್ತ ಹೋಯಿತು.

ಮಕ್ಕಳಿಗೆ ಹೇಳದೇ ಕೇಳದೇ ಅವರ ಮೇಲೆ ಹೀಗೆ ಪ್ರಯೋಗ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಅದಕ್ಕೂ ಹಿಂದಿನ ವರ್ಷ ನಡೆಸಿದ ಇನ್ನೊಂದು ಶಿಬಿರದಲ್ಲಿ ಹುಡುಗರು ಜಗಳಕ್ಕೇ ಇಳಿಯದೆ, ಪ್ರಯೋಗವನ್ನು ನಡುವೆಯೇ ಬಿಡಬೇಕಾಗಿತ್ತು. ಆ ಕಥೆಯನ್ನೂ ಜೊತೆಗೇ ಹೇಳಬೇಕು. ಆದರೂ ಆ ಲಾರಿ ಎಳೆದ ಹಗ್ಗದ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ.

ನಾನು ಬಾಯಿ ಬಿಗಿಹಿಡಿದು ನಿಂತೆ. ಉತ್ತರ ಬಂದದ್ದು ನಾಲ್ಕನೇ ಗುಂಪಿನ ಒಬ್ಬ ಹುಡುಗಿಯಿಂದ. ಅವಳ ತಂದೆತಾಯಿ ದೀಪಾವಳಿ ಮುಗಿದ ಮೇಲೆ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗುತ್ತಾರೆ. ಅವಳೂ ಹೋಗುತ್ತಾಳೆ. ಮಳೆಗಾಲಕ್ಕೆ ವಾಪಸ್ ಬಂದಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ತರಗತಿಯಲ್ಲಿ ಅವಳ ದನಿ ನಾನು ಕೇಳಿದ್ದೇ ಕಡಿಮೆ. ಅವತ್ತು ಹೇಳಿದಳು: "ಟೀಚರ್, ಕಣ್ಣಿಲೆ ನೋಡಿದ್ರ ಗೊತ್ತಾಗಂಗಿಲ್ರಿ. ಪೈಪ್ ಬೇಕ್ರಿ. ನಮ್ಮಪ್ಪ ಪೈಪಿಲೆ ನೋಡ್ತಾನ್ರಿ."

ಗೌಂಡಿಗಳ ಲೆವೆಲ್ ಪೈಪು! ಪಕ್ಕದ ಮನೆಯಿಂದ ತೆಳುವಾದ ಬಿಳಿ ಪ್ಲಾಸ್ಟಿಕ್ ಪೈಪು ತಂದೆವು. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬುವುದನ್ನು ಅವಳೇ ತೋರಿಸಿದಳು. ಪೈಪು ನಡುವೆ ಎಷ್ಟೇ ಬಾಗಿರಲಿ, ತೆರೆದ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಎರಡೂ ತುದಿಯ ಮೇಲೆ ಒತ್ತುವ ಗಾಳಿ ಒಂದೇ. ಹಾಗಾಗಿ ಒಂದು ಕಡೆ ನೀರು ಎತ್ತರವಾದರೆ ಅದರ ಭಾರಕ್ಕೆ ಇನ್ನೊಂದು ಕಡೆಗೆ ಸರಿದು ಸಮವಾಗುತ್ತದೆ. ಆ ಮಟ್ಟದಿಂದ ಕಾಲುವೆಯ ತಳಕ್ಕೆ ಎರಡೂ ಕಡೆ ಅಳೆದರೆ ಇಳಿಜಾರು ಎಷ್ಟು ಅಂತ ಸಿಗುತ್ತದೆ. ಆದರೆ ಪೈಪಿಗೆ ಇಬ್ಬರು ಬೇಕು. ಒಬ್ಬರು ಮೇಲಿನ ಗುಂಪಿನಲ್ಲಿ, ಇನ್ನೊಬ್ಬರು ಕೆಳಗಿನ ಗುಂಪಿನಲ್ಲಿ. ಒಂದು ತುದಿ ಅಲುಗಿದರೆ ಇನ್ನೊಂದು ತುದಿಯ ನೀರೂ ಅಲುಗುತ್ತದೆ. ಮಾತಾಡದೆ ಅಳತೆ ಆಗುವುದೇ ಇಲ್ಲ. ಬೈದಾಡುತ್ತಿದ್ದವರು "ಸ್ವಲ್ಪ ಕೆಳಗ", "ನಿಲ್ಲು, ನಿಲ್ಲು" ಅನ್ನತೊಡಗಿದರು.

ಮೂರನೇ ಕೊಡ ನೀರು ಬೇವಿನ ಗಿಡ ಮುಟ್ಟಿತು. ಆ ಕೂಗು ಹಗ್ಗ ಜಗ್ಗಾಟದ ಕೂಗಿಗಿಂತ ಜಾಸ್ತಿ ಇತ್ತು.

ಅವತ್ತಿನಿಂದ ಆ ಹುಡುಗಿ ತರಗತಿಯಲ್ಲಿ ಕೈ ಎತ್ತತೊಡಗಿದಳು. ಒಂದೇ ಸಲಕ್ಕೆ ಅಲ್ಲ. ಮೊದಲು ಅಳತೆಯ ಲೆಕ್ಕ ಬಂದಾಗ, ಆಮೇಲೆ ಬೇರೆ ಲೆಕ್ಕಕ್ಕೂ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಈ 'ನನ್ನಿಂದ ಆಗುತ್ತದೆ' ಎಂಬ ನಂಬಿಕೆಯ ಬೇರು ಹುಡುಕಿದ. ಅವನು ಹೇಳಿದ ಮೂಲಗಳು ನಾಲ್ಕು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡುವುದು, ಬೇರೆಯವರ ಹುರಿದುಂಬಿಸುವ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ನಾವು ಶಿಕ್ಷಕರು, ಪಾಲಕರು ಜಾಸ್ತಿ ಬಳಸುವುದು ಮೂರನೆಯದು. "ನೀನು ಮಾಡ್ತೀಯ, ಧೈರ್ಯ ಇರಲಿ" ಎಂದು ಬೆನ್ನು ತಟ್ಟುತ್ತೇವೆ. ಮಾಡಿ ನೋಡಲು ಕೆಲಸವೇ ಕೊಡದಿದ್ದರೆ ಆ ಮಾತು ಎಷ್ಟು ದಿನ ನಿಲ್ಲುತ್ತದೆ?

ಎರಡನೇ ಮೂಲವನ್ನೂ ಮರೆಯಬಾರದು. 1985ರ ಒಂದು ಅಧ್ಯಯನದಲ್ಲಿ ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ, ಲೆಕ್ಕ ಮಾಡುವುದನ್ನು ಶಿಕ್ಷಕರು ತೋರಿಸಿದ್ದಕ್ಕಿಂತ ತಮ್ಮದೇ ವಯಸ್ಸಿನ ಮಗು ತೋರಿಸಿದಾಗ ನಂಬಿಕೆಯೂ ಕಲಿಕೆಯೂ ಹೆಚ್ಚಾಗಿತ್ತು. ಪೈಪು ಹಿಡಿದು ನಾನು ಪಾಠ ಮಾಡಿದ್ದರೆ ಅದು ಇನ್ನೊಂದು ಪಾಠವಾಗುತ್ತಿತ್ತು ಅಷ್ಟೆ.

ಎಲ್ಲದಕ್ಕೂ ಕಾಲುವೆ ತೋಡಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮಕ್ಕಳು ಕೆರೆ ಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಜೋಡಿ ಮಾಡುವ ಬದಲು, ಒಬ್ಬರಿಗೆ ಎತ್ತು, ಒಬ್ಬರಿಗೆ ನೊಗ, ಒಬ್ಬರಿಗೆ ಗಾಲಿ ಹಂಚಿ ನೋಡಿ. ಗಾಲಿ ದೊಡ್ಡದಾದರೆ ಬಂಡಿ ಕೂರುವುದಿಲ್ಲ. ಅಳತೆ ಕೇಳಿಕೊಂಡೇ ಮಾಡಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಮಾತ್ರ ಮಕ್ಕಳನ್ನು ಬಯಲಿಗೆ ಬಿಡಬೇಡಿ. ಕಲಬುರಗಿ, ಯಾದಗಿರಿ ಕಡೆಯಂತೂ ಬೆಳಿಗ್ಗೆ ಹತ್ತಕ್ಕೇ ನೆಲ ಕಾದಿರುತ್ತದೆ. ಆ ತಿಂಗಳುಗಳಲ್ಲಿ ಮಣ್ಣಿನ ಕೆಲಸವನ್ನು ನೆರಳಿಗೆ ತನ್ನಿ.

ನಮ್ಮ ಕಾಲುವೆ ಜಾಸ್ತಿ ದಿನ ಉಳಿಯಲಿಲ್ಲ. ಮೂರನೇ ದಿನ ರಾತ್ರಿ ದೊಡ್ಡ ಮಳೆ ಬಂದು ಎಲ್ಲ ಮುಚ್ಚಿಹೋಯಿತು. ಮರುದಿನ ಪ್ರಾರ್ಥನೆಯ ಗಂಟೆಗೂ ಮುಂಚೆ ನಾನು ಗೇಟು ದಾಟಿದಾಗ ಏಳೆಂಟು ಮಕ್ಕಳು ಕೆಸರಿನಲ್ಲಿ ಕೂತಿದ್ದರು. ಯಾರು ಯಾವ ಗುಂಪು ಎಂಬುದು ಗೊತ್ತಾಗುತ್ತಿರಲಿಲ್ಲ. ಪೈಪಿನ ಒಂದು ತುದಿ ಆ ಹುಡುಗಿಯ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿದಿದ್ದವನು ಅವತ್ತು ಎಲ್ಲರಿಗಿಂತ ಜೋರಾಗಿ ಜಗಳ ಆಡಿದ್ದ ಹುಡುಗ. "ಅಲುಗಾಡಬ್ಯಾಡ" ಎಂದು ಅವಳು ಹೇಳುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.